ಕಿಲುಬು ಹಿಡಿದ ಸಕ್ಕರೆ

ನಾನು ವೃತ್ತಿಜೀವನದ ಬಹುಪಾಲು ಸಕ್ಕರೆ ಮಾಡಿದವಳು. ಅಷ್ಟೂ ವರ್ಷದ ಸಕ್ಕರೆಯನ್ನು ಒಟ್ಟು ಸೇರಿಸಿದರೂ ಒಂದು ಕಪ್ ಚಹಾಕ್ಕೆ ಸಾಲುತ್ತಿರಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ, ನನ್ನ ಬಗ್ಗೆ ಮಾತಾಡಿದ ಐದೂ ಜನ "ಸಕ್ಕರೆ ಕಾಯಿಲೆಯವರಿಗೆ ಇವರು ಮಾಡಿದ ಸೇವೆ ಅಪಾರ" ಎಂದರು. ಆ ಕಾಯಿಲೆಗೂ ನನಗೂ ಇರುವ ಸಂಬಂಧ ಒಂದೇ: ಅದು ನನಗೂ ಇದೆ. ಪಕ್ಕದ ಕೋಣೆಯಲ್ಲಿ ಕೂತು ಕೆಲಸ ಮಾಡಿದವರಿಗೇ ನಾನು ಏನು ಮಾಡುತ್ತಿದ್ದೆ ಎಂದು ಗೊತ್ತಿಲ್ಲದ ಮೇಲೆ, ಈ ಕಸಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಯಾರು ಹೇಳಬೇಕು? ನಾನೇ ಹೇಳುತ್ತೇನೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಸಿಕ್ಕವು ಎರಡು, ಎರಡೂ ತಡವಾಗಿ ಸಿಕ್ಕವು, ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾಯಿತು, ಅದೇ ವರ್ಷ ನಾನು ಕೆಲಸಕ್ಕೆ ಸೇರಿದೆ. ಊರ ಹೊರಗಿನ ಒಂದು ಖಾಸಗಿ ವಿಜ್ಞಾನ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯ. ಹತ್ತು ವರ್ಷ ಹುಡುಗರಿಂದ ಉಪ್ಪಿನ ಪರೀಕ್ಷೆ ಮಾಡಿಸಿದೆ. ಅದು ಯಾವ ಉಪ್ಪು ಎಂಬುದನ್ನು ಹಿಂದಿನ ಬ್ಯಾಚಿನವರು ಮೊದಲೇ ಕಿವಿಯಲ್ಲಿ ಹೇಳಿ ಹೋಗಿರುತ್ತಿದ್ದರು, ಆದ್ದರಿಂದ ಎಲ್ಲರೂ ಪಾಸಾಗುತ್ತಿದ್ದರು. ಆಮೇಲೆ ನಮ್ಮ ಆಡಳಿತ ಮಂಡಳಿಗೆ ತಮ್ಮಲ್ಲೂ ಒಂದು ಸಂಶೋಧನಾ ಕೇಂದ್ರ ಬೇಕೆನಿಸಿತು. ಪಕ್ಕದ ಜಿಲ್ಲೆಯ ಕಾಲೇಜಿಗೆ ಇತ್ತು, ನಮಗೆ ಇರಲಿಲ್ಲ. ಸಂಶೋಧನೆಗೆ ಇದಕ್ಕಿಂತ ಗಟ್ಟಿಯಾದ ಕಾರಣವನ್ನು ನಾನು ಮುಂದೆಯೂ ಕಾಣಲಿಲ್ಲ. ಯಲಬುರ್ಗಾ ಕಡೆಯವರೇ ಆದ, ಹೊರಗೆ ದೊಡ್ಡ ಹುದ್ದೆಯಲ್ಲಿದ್ದ ಒಬ್ಬರನ್ನು ನಿರ್ದೇಶಕರನ್ನಾಗಿ ಕರೆತಂದರು. ಅವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಬರೆಯುತ್ತೇನೆ. ಸಾಹೇಬರು ತಮ್ಮ ಜೊತೆ ತಂದ ವಿಷಯವೇ ಈ ಸಕ್ಕರೆ.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ನಮ್ಮ ಶ್ವಾಸಕೋಶದ ಒಳಮೈಯಲ್ಲಿ ತುಂಬ ಸಕ್ಕರೆಯ ಅಣುಗಳಿವೆ. ಚಹಾಕ್ಕೆ ಹಾಕುವ ಸಕ್ಕರೆಯಲ್ಲ, ಅದರ ದಾಯಾದಿಗಳು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಕ್ಕೆ ಈ ಸಕ್ಕರೆಯನ್ನು ಹಿಡಿಯಲು ಕೈಯಂಥ ಪ್ರೋಟೀನುಗಳಿವೆ. ಆ ಕೈಯಿಂದ ಅದು ಶ್ವಾಸಕೋಶವನ್ನು ಹಿಡಿಯುತ್ತದೆ, ಒಂದನ್ನೊಂದು ಹಿಡಿದು ಗುಂಪು ಕಟ್ಟುತ್ತದೆ, ಮೇಲೊಂದು ಲೋಳೆಯ ಹೊದಿಕೆ ಹೊದ್ದು ಮಲಗಿಬಿಡುತ್ತದೆ. ಆಮೇಲೆ ಎಂಥ ಔಷಧಕ್ಕೂ ಜಗ್ಗುವುದಿಲ್ಲ. ಸಕ್ಕರೆಯಂತೆಯೇ ಕಾಣುವ, ಆದರೆ ಆ ಕೈಗೆ ಸಕ್ಕರೆಗಿಂತ ಗಟ್ಟಿಯಾಗಿ ಅಂಟುವ ಅಣುವೊಂದನ್ನು ನಾವು ಮಾಡಿಕೊಟ್ಟರೆ, ಬ್ಯಾಕ್ಟೀರಿಯ ಅದನ್ನು ಹಿಡಿದುಕೊಂಡು ಶ್ವಾಸಕೋಶವನ್ನು ಬಿಡುತ್ತದೆ. ಕೈ ಬಿಡಿಸುವುದಷ್ಟೇ ನಮ್ಮ ಅಣುವಿನ ಕೆಲಸ. ಕೊಲ್ಲುವ ಕೆಲಸ ಬೇರೆ ಔಷಧದ್ದು. ಈ ಮಾತನ್ನು ನೆನಪಿಡಿ. ನಾನು ಇದನ್ನು ಮರೆತು ಕೆಟ್ಟೆ.

ನಮ್ಮ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯಲು ಹುಲಿಗೆಮ್ಮ ಎಂಬಾಕೆ ಇದ್ದಳು. ನನ್ನ ವಾರಿಗೆಯವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಒಂದು ದಿನ "ನೀವು ಮಾಡೂದರ ಏನ್ರಿ ಅಕ್ಕಾರ?" ಎಂದು ಕೇಳಿದಾಗ ಮೇಲಿನದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಅಂದ್ರ ಅಳೂ ಕೂಸಿನ ಬಾಯಾಗ ಚೀಪಾಕ ಏನರ ಕೊಟ್ಟು ಅವ್ವ ಕೆಲಸಕ್ಕ ಹೊಂಡತಾಳಲ್ರಿ, ಹಂಗ ಅನ್ರಿ" ಎಂದಳು. ಸಾಹೇಬರು ಇದನ್ನೇ ನಲವತ್ತು ಸ್ಲೈಡುಗಳಲ್ಲಿ ಹೇಳುತ್ತಿದ್ದರು, ಸಭೆಯಲ್ಲಿ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಆ ಬ್ಯಾಕ್ಟೀರಿಯದ ಹೆಸರು ಮಾತ್ರ ಹುಲಿಗೆಮ್ಮನ ನಾಲಿಗೆಗೆ ಹೊರಳಲಿಲ್ಲ. ಕೊನೆಯತನಕ "ಸುಡುಮಾನಸ" ಎಂದೇ ಕರೆದಳು.

ಸಕ್ಕರೆ ಎಂಬ ಶಬ್ದ ನಮಗೆ ತಂದ ಫಜೀತಿ ಒಂದೆರಡಲ್ಲ. ಕುಷ್ಟಗಿಯ ನನ್ನ ಸೋದರತ್ತೆ ತಮ್ಮ ಮಗಳ ಮದುವೆ ಗೊತ್ತಾದೊಡನೆ ನನಗೆ ಫೋನು ಮಾಡಿ, "ಎರಡು ಚೀಲ ಸಕ್ಕರಿ ನೀನ ಕಳಸವ್ವಾ, ಹೆಂಗೂ ನಿಂದ ಫ್ಯಾಕ್ಟರಿ ಐತಿ" ಎಂದರು. ನಾನು ತಿಂಗಳಿಗೆ ಒಂದು ಚಿಟಿಕೆ ಮಾಡುತ್ತೇನೆ, ಅದನ್ನೂ ತಿನ್ನಲು ಬರುವುದಿಲ್ಲ ಎಂದದ್ದಕ್ಕೆ ಸಿಟ್ಟಾಗಿ ಎರಡು ವರ್ಷ ಮಾತು ಬಿಟ್ಟರು. ಇನ್ನೊಂದು ಸಲ ಸಾಹೇಬರು ಕಾಲೇಜಿನ ವಾರ್ಷಿಕೋತ್ಸವಕ್ಕೆ ಬ್ಯಾನರು ಬರೆಸಿದರು. ಬರೆಯುವವನಿಗೆ "ಸಕ್ಕರೆ ಸದೃಶ ಅಣುಗಳು" ಎಂಬುದು ಹೊಂದಲಿಲ್ಲವೋ ಏನೋ, "ಸಕ್ಕರೆ ಕಾಯಿಲೆಗೆ ಕೊಪ್ಪಳದಲ್ಲೇ ಔಷಧ" ಎಂದು ತಿದ್ದಿ ಬರೆದ. ಮರುದಿನ ಬೆಳಿಗ್ಗೆ ಯಲಬುರ್ಗಾದ ಮೊದಲ ಬಸ್ಸಿಗೆ ಇಳಿದ ಹದಿನೈದು ಇಪ್ಪತ್ತು ಜನ, ಏನೂ ತಿನ್ನದೆ ಖಾಲಿ ಹೊಟ್ಟೆಯಲ್ಲಿ, ರಿಪೋರ್ಟಿನ ಕಾಗದ ಹಿಡಿದು ನಮ್ಮ ಗೇಟಿಗೆ ಸಾಲು ನಿಂತರು. ಅವರಿಗೆ ವಿವರಿಸಿ ಹೇಳುವ ಕೆಲಸ ನನ್ನದಾಯಿತು, ಏಕೆಂದರೆ ಸಾಹೇಬರು ಅಂದು ಹಿಂದಿನ ಬಾಗಿಲಿನಿಂದ ಮೀಟಿಂಗಿಗೆ ಹೋಗಿದ್ದರು. ಉಪ್ಪಿಟ್ಟು ಮಾಡಿಸಿ ಕೊಟ್ಟೆವು. ಒಬ್ಬ ಮುದುಕರು ಉಪ್ಪಿಟ್ಟು ತಿಂದು, "ಔಷಧ ಇಲ್ಲಂದ್ರೂ ಮಂದಿ ಛಲೋ ಅದೀರಿ" ಎಂದು ಹರಸಿ ಹೋದರು.

ಈಗ ಕೆಲಸದ ವಿಷಯ. ಸಕ್ಕರೆಯ ಅಣುವಿಗೂ ಅದರದೇ ಕೈಗಳು, ಎಲ್ಲ ಕಡೆಯೂ, ಎಲ್ಲ ಕೈಗಳೂ ಒಂದೇ ಥರ. ನಿಮಗೆ ಬೇಕಾದ ಒಂದು ಕೈಗೆ ಏನಾದರೂ ಕೊಡಬೇಕೆಂದರೆ ಉಳಿದವನ್ನೆಲ್ಲ ಮೊದಲು ಕಟ್ಟಿಹಾಕಬೇಕು, ಕೊಟ್ಟಾದ ಮೇಲೆ ಒಂದೊಂದಾಗಿ ಬಿಚ್ಚಬೇಕು. ಬಿಚ್ಚುವಾಗ ಕೊಟ್ಟದ್ದೂ ಬಿದ್ದುಹೋದರೆ ಮತ್ತೆ ಮೊದಲಿನಿಂದ. ಇದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕೊನೆಗೆ ಸಿಗುವುದು ಪುಸ್ತಕದಲ್ಲಿ ಬರೆದ ಬಿಳಿಯ ಹರಳಲ್ಲ, ಸೀಸೆಯ ತಳಕ್ಕೆ ಅಂಟಿದ ಅಂಟು ಪಾಕ. ಅದು ಸಕ್ಕರೆಯೇ ಹೌದೋ ಅಲ್ಲವೋ ನೋಡುವ ಪರೀಕ್ಷೆಯೂ ಅಡಿಗೆಮನೆಯದೇ: ತೆಳು ತಗಡಿನ ಮೇಲೆ ಒಂದು ಚುಕ್ಕೆ ಇಟ್ಟು, ಆಮ್ಲದಲ್ಲಿ ಅದ್ದಿ, ಬಿಸಿ ಮಾಡುವುದು. ಕಪ್ಪಗೆ ಸುಟ್ಟರೆ ಸಕ್ಕರೆ. ಒಮ್ಮೆ ಹೀಗೆ ಕಷ್ಟಪಟ್ಟು ಮಾಡಿದ ಪಾಕವನ್ನು ಮುಚ್ಚಳ ಸಡಿಲ ಬಿಟ್ಟು ಮನೆಗೆ ಹೋದೆ, ಬೆಳಿಗ್ಗೆ ಬಂದರೆ ಸೀಸೆಯೊಳಗೆ ಇರುವೆಗಳ ಸಂತೆ. ಬ್ಯಾಕ್ಟೀರಿಯವನ್ನು ಮೋಸಗೊಳಿಸುವ ಮೊದಲು ನಾವು ಇರುವೆಯನ್ನು ಮೋಸಗೊಳಿಸಿದ್ದೇವೆ ಎಂದು ಸಾಹೇಬರಿಗೆ ಹೇಳಿದೆ. ಅವರು ಅದನ್ನು ವಾರ್ಷಿಕ ವರದಿಯಲ್ಲಿ ಬರೆಯಲು ಹೇಳಿದರು.

ಸಾಹೇಬರಿಗೆ ಉದ್ಘಾಟನೆ ಎಂದರೆ ಪ್ರಾಣ. ಅಣುವಿನ ರೂಪ ನೋಡುವ ಒಂದು ದೊಡ್ಡ ಯಂತ್ರ ತರಿಸಿದರು. ಅದಕ್ಕೆ ಬೇಕಾದ ವಿದ್ಯುತ್ತಿನ ಸಂಪರ್ಕ ನಮ್ಮ ಕಟ್ಟಡಕ್ಕೆ ಬಂದಿರಲಿಲ್ಲ. ಆದರೂ ಮುಹೂರ್ತ ನೋಡಿ, ಮಾವಿನ ತೋರಣ ಕಟ್ಟಿ, ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ರಿಬ್ಬನ್ನು ಕತ್ತರಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ವಿದ್ಯುತ್ತು ಬರುವ ಹೊತ್ತಿಗೆ ಯಂತ್ರದ ಒಳಗೆ ಇಲಿ ಸಂಸಾರ ಹೂಡಿತ್ತು. ಕಂಪ್ಯೂಟರ್ ಬಂದ ಮೇಲೆ ಇನ್ನೊಂದು ಚಂದ ಶುರುವಾಯಿತು. ಪರದೆಯ ಮೇಲೆ ಪ್ರೋಟೀನಿನ ಗುಂಡಿಯೊಳಗೆ ಅಣುವನ್ನು ಕೂಡಿಸಿ ನೋಡುವುದು. ಪರದೆಯ ಮೇಲೆ ಕೂಡದ ಅಣುವನ್ನು ನಾನು ಒಂದನ್ನೂ ಕಾಣಲಿಲ್ಲ, ಎಲ್ಲವೂ ಹೇಳಿ ಮಾಡಿಸಿದಂತೆ ಕೂತವು. ಅದನ್ನು ಮಾಡಿ ಕೊಳವೆಗೆ ಹಾಕಿದಾಗ ಮಾತ್ರ ಪ್ರೋಟೀನು ಅದರ ಮುಖ ಕೂಡ ನೋಡುತ್ತಿರಲಿಲ್ಲ. ನೀವು ಬಣ್ಣದ ಚಿತ್ರ ನೋಡಿ ಮರುಳಾಗಬೇಡಿ ಎಂದಷ್ಟೇ ಹೇಳುತ್ತೇನೆ.

ಪರೀಕ್ಷೆಗೆ ನಿಜವಾದ ರೋಗಿಯ ಬ್ಯಾಕ್ಟೀರಿಯ ಬೇಕಿತ್ತು. ಅದು ನಮಗೆ ಗಂಗಾವತಿಯ ಒಬ್ಬ ಡಾಕ್ಟರರ ಮೂಲಕ ಸಿಕ್ಕಿತು, ಕೊಟ್ಟವನು ಯಮನೂರಪ್ಪ. ಊರು ನವಲಿ, ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಹಮಾಲ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ನಾನು ಅಣ್ಣಾ ಎನ್ನುತ್ತಿದ್ದೆ. ಹಿಂದೆ ಟಿ.ಬಿ. ಬಂದು ವಾಸಿಯಾಗಿತ್ತು. ಆದರೆ ಅದು ಹೋಗುವಾಗ ಅವನ ಶ್ವಾಸನಾಳಗಳನ್ನು ಹಳೆಯ ಚೀಲದಂತೆ ಸಡಿಲ ಮಾಡಿ ಹೋಗಿತ್ತು. ಅಲ್ಲಿ ಕಫ ನಿಲ್ಲುತ್ತಿತ್ತು, ನಿಂತ ಕಫದಲ್ಲಿ ಸ್ಯೂಡೊಮೊನಾಸ್ ಬೀಡುಬಿಟ್ಟಿತ್ತು. ಹಸಿರು ಕಫ, ಆಗಾಗ ಜ್ವರ. ಗುಳಿಗೆಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತ ಬಂದಿದ್ದವು. ಹದಿನೈದು ದಿನಕ್ಕೊಮ್ಮೆ ಅವನು ಡಾಕ್ಟರರ ಬಳಿ ಕಫ ಕೊಡುತ್ತಿದ್ದ. ನಾನು ಹೋಗಿ ಅದನ್ನು ಭದ್ರವಾಗಿ ಮುಚ್ಚಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬಸ್ಸಿನಲ್ಲಿ ತರುತ್ತಿದ್ದೆ. ಮೊದಲ ಸಲ ಕಂಡಕ್ಟರ್ ಪೆಟ್ಟಿಗೆ ನೋಡಿ, "ಏನ್ರಿ ಅಕ್ಕಾರ, ಐಸ್‌ಕ್ರೀಮೇನ್ರಿ?" ಎಂದ. "ಕಫ" ಎಂದೆ. ಆಮೇಲೆ ಆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತಿತ್ತು.

ಯಮನೂರಪ್ಪ ತಮಾಷೆಯ ಮನುಷ್ಯ. ನನ್ನನ್ನು ಕಂಡ ಕೂಡಲೇ ಬೀಗರ ಯೋಗಕ್ಷೇಮ ಕೇಳಿದ ಹಾಗೆ ಕೇಳುವನು.

"ಅಕ್ಕಾರ, ನನ್ನ ಹುಳ ಹೆಂಗದಾವ್ರಿ? ಉಂಡ್ಕೊಂಡು ಛಲೋ ಅದಾವೇನ್ರಿ?"

"ಭೇಷ್ ಅದಾವಣ್ಣ, ದಿನಾ ಮಂದಿ ಹೆಚ್ಚಾಗಾಕತ್ತೈತಿ."

"ಆಗಲಾರದೇನ್ರಿ? ನನ್ನ ಉಂಡು ಬೆಳದಾವ."

ಅವನ ಹೆಂಡತಿ ಗಂಗಮ್ಮ ಮಾತ್ರ ನಗುತ್ತಿರಲಿಲ್ಲ. "ಅವರ ಔಷಧ ಯಾವಾಗ ತಯಾರಾಗತೈತಿ ಕೇಳು" ಎಂದು ಗಂಡನನ್ನು ತಿವಿಯುತ್ತಿದ್ದಳು. ನಾನು "ನೋಡೋಣು" ಎನ್ನುತ್ತಿದ್ದೆ. ನಮ್ಮ ಕಸಬಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಶಬ್ದ ಅದು.

ಅಷ್ಟರಲ್ಲಿ ಹೊಸ ವಿಧಾನ ಬಂತು. ಸಕ್ಕರೆಯ ತುಂಡು ಒಂದು, ಬೇರೆ ತುಂಡು ಒಂದು, ಎರಡನ್ನೂ ಅಂಗಿಗೆ ಗುಂಡಿ ಹಾಕಿದಷ್ಟು ಸುಲಭವಾಗಿ ಜೋಡಿಸುವ ವಿಧಾನ. ಬೇಕಾದದ್ದು ಚೂರು ತಾಮ್ರ, ಅಂದರೆ ನಮ್ಮ ಹೊಲ ಗದ್ದೆಯವರಿಗೆಲ್ಲ ಗೊತ್ತಿರುವ ನೀಲಿ ಮೈಲುತುತ್ತ. ತಿಂಗಳ ಕೆಲಸ ಒಂದು ಹಗಲಿನಲ್ಲಿ ಮುಗಿಯತೊಡಗಿತು. ನನಗೂ ಹುರುಪು ಬಂತು, ಸಾಲಾಗಿ ಅಣುಗಳನ್ನು ಮಾಡಿ ಸಂಖ್ಯೆ ಹಾಕುತ್ತ ಹೋದೆ. ಜೋಡಿಸಿದ ಮೇಲೆ ತಾಮ್ರವನ್ನು ಪೂರಾ ತೊಳೆದು ತೆಗೆಯಬೇಕು ಎಂದು ವಿಧಾನದ ಕೊನೆಯ ಸಾಲಿನಲ್ಲಿ ಬರೆದಿತ್ತು. ಕೊನೆಯ ಸಾಲನ್ನು ಯಾರು ಅಷ್ಟು ಗಮನವಿಟ್ಟು ಓದುತ್ತಾರೆ? ನಾನು ತೊಳೆದೆ, ಆದರೆ ಹಬ್ಬದ ಹಿಂದಿನ ದಿನ ಅಂಗಳ ತೊಳೆದ ಹಾಗೆ, ಕಣ್ಣಿಗೆ ಕಾಣುವಷ್ಟು.

ನಲವತ್ತೊಂದನೆಯ ಅಣುವನ್ನು ಯಮನೂರಪ್ಪನ ಹುಳಗಳಿಗೆ ಹಾಕಿದ ಮರುದಿನ ತಟ್ಟೆ ತೆಗೆದು ನೋಡಿದರೆ, ಲೋಳೆ ಇಲ್ಲ, ಗುಂಪು ಇಲ್ಲ, ಏನೂ ಇಲ್ಲ. ತಟ್ಟೆ ತೊಳೆದಿಟ್ಟ ಹಾಗಿತ್ತು. ಎರಡನೆಯ ಸಲ ಮಾಡಿದೆ, ಹಾಗೇ. ಮೂರನೆಯ ಸಲವೂ ಹಾಗೇ. ನಾನು ನೇರ ಗಂಗಾವತಿಯ ಬಸ್ಸು ಹತ್ತಿದೆ. ಮೊದಲು ಸಾಹೇಬರಿಗೆ ಹೇಳಬೇಕಿತ್ತು, ಅದಕ್ಕೂ ಮೊದಲು ಕೂತು ಯೋಚಿಸಬೇಕಿತ್ತು. ಎರಡನ್ನೂ ಮಾಡದೆ ಡಾಕ್ಟರರ ದವಾಖಾನೆಯ ಕಟ್ಟೆಯ ಮೇಲೆ ಕೂತಿದ್ದ ಗಂಡ ಹೆಂಡಿರಿಗೆ, "ಅಣ್ಣಾ, ನಿನ್ನ ಹುಳ ಸತ್ತಾವ" ಎಂದುಬಿಟ್ಟೆ. ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ವರ್ಷದಲ್ಲಿ ನನಗೆ ಅಂಥ ಸಂತೋಷ ಆಗಿರಲಿಲ್ಲ.

ಈಗ ನಿಮಗೆ ಮೇಲೆ ಹೇಳಿದ ಮಾತು ನೆನಪಾಗಿರಬೇಕು. ನಮ್ಮ ಅಣುವಿನ ಕೆಲಸ ಕೈ ಬಿಡಿಸುವುದು. ಅದು ಸರಿಯಾಗಿ ಕೆಲಸ ಮಾಡಿದ್ದರೆ ಬ್ಯಾಕ್ಟೀರಿಯಗಳು ಬದುಕಿ, ಒಂಟೊಂಟಿಯಾಗಿ ತೇಲಾಡುತ್ತಿರಬೇಕಿತ್ತು. ಇಲ್ಲಿ ಹೆಣವೂ ಸಿಗದ ಹಾಗೆ ಸತ್ತಿದ್ದವು. ಮೊದಲ ವರ್ಷದ ವಿದ್ಯಾರ್ಥಿಗೂ ಅನುಮಾನ ಬರಬೇಕಾದ ಫಲಿತಾಂಶ ಅದು. ನನಗೆ ಬರಲಿಲ್ಲ. ಸಾಹೇಬರಿಗೆ ಬರುವ ಪ್ರಶ್ನೆಯೇ ಇಲ್ಲ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಎರಡು ವಾರ ಬಿಟ್ಟು ಒಂದು ಮಂಗಳವಾರ ಪತ್ರಿಕಾಗೋಷ್ಠಿ ಇಟ್ಟರು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಬಂಗಾರದ ಅಕ್ಷರದಲ್ಲಿ ಅಚ್ಚಾಯಿತು. ವೇದಿಕೆಯ ಮೇಲೆ ಯಮನೂರಪ್ಪನನ್ನೂ ಕೂಡಿಸಬೇಕೆಂದು ಅವರ ಆಸೆ. "ರೋಗಿ ಒಬ್ಬ ಎದುರಿಗಿದ್ರ ಫೋಟೋ ಛಲೋ ಬರತೈತ್ರಿ ಮೇಡಂ" ಎಂದರು.

ಆ ಮಂಗಳವಾರಕ್ಕೆ ಆರು ದಿನ ಮೊದಲು, ಬುಧವಾರ, ಗಂಗಾವತಿಯ ಡಾಕ್ಟರರು ಫೋನು ಮಾಡಿದರು. ಯಮನೂರಪ್ಪನಿಗೆ ಜ್ವರ ಬಂದಿದೆ, ಈ ಸಲ ಗುಳಿಗೆ ನಡೆಯುವುದಿಲ್ಲ, ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಸೇರಿ ರಕ್ತನಾಳಕ್ಕೆ ಔಷಧ ತೆಗೆದುಕೊಳ್ಳಬೇಕು ಎಂದು ಚೀಟಿ ಬರೆದುಕೊಟ್ಟರೆ, ಅವನು ಅದನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಕೂತಿದ್ದಾನಂತೆ. "ಸಕ್ಕರಿ ಔಷಧ ಬರಾಕತ್ತೈತಿ, ಬಳ್ಳಾರಿ ಯಾಕ ಅಂತಾನ್ರಿ. ನಿಮ್ಮ ಮಾತು ಕೇಳ್ತಾನ, ಒಂದೀಟು ಹೇಳ್ರಿ" ಎಂದರು. ಹೇಳುತ್ತೇನೆ ಎಂದೆ.

ಗುರುವಾರ ಮಧ್ಯಾಹ್ನ ಹುಲಿಗೆಮ್ಮ ಒಂದು ಗಾಜಿನ ಬುಡ್ಡಿ ಹಿಡಿದುಕೊಂಡು ನನ್ನ ಮೇಜಿಗೆ ಬಂದಳು. ನಲವತ್ತೊಂದನ್ನು ಮಾಡಿ ಒಣಗಿಸಿದ ಬುಡ್ಡಿ ಅದು.

"ಅಕ್ಕಾರ, ಇದು ಎಷ್ಟ ತಿಕ್ಕಿದ್ರೂ ಹೋಗವಲ್ದು. ಹುಣಸಿಹಣ್ಣು ಹಚ್ಚಲೇನ್ರಿ?"

"ಗಾಜಿಗೆ ಯಾಕ ಹುಣಸಿಹಣ್ಣು?"

"ಕಿಲುಬು ಹಿಡದೈತಲ್ರಿ." ಅವಳು ಬುಡ್ಡಿಯ ಕೊರಳಿನ ಒಳಗೆ ಬೆರಳು ತೋರಿಸಿದಳು. ತೆಳುವಾದ ಹಸಿರು ಗೆರೆ. "ತಾಮ್ರದ ಕೊಡ ನಾಕ ದಿನ ತಿಕ್ಕಲಿಲ್ಲಂದ್ರ ಹಿಂಗ ಆಗತೈತಿ. ಗಾಜಿಗೂ ಕಿಲುಬು ಹಿಡಿತೈತಂತ ನಾ ಇವತ್ತ ನೋಡಿದೆ."

ಗಾಜಿಗೆ ಕಿಲುಬು ಹಿಡಿಯುವುದಿಲ್ಲ. ತಾಮ್ರಕ್ಕೆ ಮಾತ್ರ ಹಿಡಿಯುತ್ತದೆ. ನಲವತ್ತೊಂದರ ಸೀಸೆ ತೆಗೆದು, ಒಂದು ಚಿಟಿಕೆ ನೀರಿನಲ್ಲಿ ಕರಗಿಸಿ, ಎರಡು ಹನಿ ಅಮೋನಿಯಾ ಹಾಕಿದೆ. ನೀರು ಕಡುನೀಲಿಯಾಯಿತು. ಹತ್ತು ವರ್ಷ ನಾನೇ ಹುಡುಗರಿಂದ ಮಾಡಿಸಿದ ಉಪ್ಪಿನ ಪರೀಕ್ಷೆ ಅದು, ಉತ್ತರ ತಾಮ್ರ. ನನ್ನ ಸಕ್ಕರೆಯ ತುಂಬ ತಾಮ್ರ ಉಳಿದಿತ್ತು. ಯಮನೂರಪ್ಪನ ಹುಳಗಳನ್ನು ಕೊಂದದ್ದು ಅದು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎನ್ನುತ್ತಾರೆ, ಇಲ್ಲಿ ನಾರಿನ ಪುಣ್ಯದಿಂದ ಹೂವಿಗೆ ಪತ್ರಿಕಾಗೋಷ್ಠಿ. ಬರೀ ತಾಮ್ರವನ್ನು ಹಾಕಿದ ಒಂದು ತಟ್ಟೆಯನ್ನು ಪಕ್ಕಕ್ಕೆ ಇಟ್ಟಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಇಟ್ಟಿರಲಿಲ್ಲ. ನೀವು ಯಾವ ಅಣುವನ್ನೇ ಮಾಡಿ, ಅದನ್ನು ಮಾಡಲು ಬಳಸಿದ್ದನ್ನೆಲ್ಲ ಬೇರೆಯಾಗಿ ಪರೀಕ್ಷಿಸದೆ ಯಾರಿಗೂ ಏನೂ ಹೇಳಬೇಡಿ.

ಗುರುವಾರ ಮಧ್ಯಾಹ್ನವೇ ನನಗೆ ಎರಡು ವಿಷಯ ಗೊತ್ತಿತ್ತು. ಔಷಧ ಇಲ್ಲ ಎಂಬುದು ಒಂದು. ಇಲ್ಲದ ಔಷಧಕ್ಕಾಗಿ ಒಬ್ಬ ಮನುಷ್ಯ ಜ್ವರದಲ್ಲಿ ಕಾಯುತ್ತ ಕೂತಿದ್ದಾನೆ ಎಂಬುದು ಇನ್ನೊಂದು. ಗಂಗಾವತಿಗೆ ಗಂಟೆಗೊಂದು ಬಸ್ಸಿತ್ತು, ಡಾಕ್ಟರರ ನಂಬರು ಫೋನಿನಲ್ಲೇ ಇತ್ತು.

ಶುಕ್ರವಾರ ತಾಮ್ರವನ್ನು ಸರಿಯಾಗಿ ತೊಳೆದು ತೆಗೆದು ಮತ್ತೆ ಪರೀಕ್ಷೆಗೆ ಇಟ್ಟೆ. ಇದನ್ನು ಯಾರಾದರೂ ಒಪ್ಪುತ್ತಾರೆ, ಖಾತ್ರಿ ಮಾಡಿಕೊಳ್ಳಬೇಕಲ್ಲ. ಶನಿವಾರ ತಟ್ಟೆ ನೋಡಿದರೆ ಹುಳಗಳು ಉಂಡುಟ್ಟು ಸುಖವಾಗಿದ್ದವು. ಲೋಳೆ ಸ್ವಲ್ಪ ತೆಳುವಾಗಿತ್ತು, ಕೈ ಒಂದಿಷ್ಟು ಸಡಿಲವಾಗಿತ್ತು, ಅಷ್ಟೇ. ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ತಣ್ಣಗೆ ಕೇಳಿಸಿಕೊಂಡರು.

"ಅಲ್ರೀ ಮೇಡಂ, ತಾಮ್ರ ಏನ ವಿಷಾನ? ನಮ್ಮ ಹಿರ್ಯಾರು ತಾಮ್ರದ ತಂಬಿಗ್ಯಾಗ ನೀರ ಕುಡದ ನೂರ ವರ್ಷ ಬಾಳ್ಯಾರ."

"ಹಂಗಾರ ನಾವು ಸಕ್ಕರಿ ಯಾಕ ಮಾಡಬೇಕಿತ್ರಿ ಸರ್? ಮನಿಗೊಂದು ತಂಬಿಗಿ ಹಂಚಿದ್ರ ಆಗಿತ್ತು."

"ನೀವು ಮಾತಿಗೆ ಜಾಣರದೀರಿ. ಹುಳ ಸತ್ತಾವೋ ಇಲ್ಲೋ? ಸತ್ತಾವ. ಮಂಗಳವಾರ ಒಂದು ಆಗಿಹೋಗ್ಲಿ, ಆಮ್ಯಾಲ ನೋಡೂನು."

ನಾನು ಜಾಣತನದ ಮಾತಾಡಿ ಹೊರಗೆ ಬಂದೆ, ಮುಂದೆ ಏನೂ ಮಾಡಲಿಲ್ಲ. ಸಾಹೇಬರು ಬೇಡ ಎಂದಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಫೋನು ಮಾಡಬೇಡಿ ಎಂದು ಅವರು ಹೇಳಿರಲಿಲ್ಲ. ಮಂಗಳವಾರ ಉಡಲೆಂದು ತಂದ ಹೊಸ ಇಳಕಲ್ ಸೀರೆಗೆ ಕುಬಸ ಹೊಲಿಯಲು ಕೊಟ್ಟಿದ್ದೆ, ಭಾನುವಾರ ಅದನ್ನು ತರಲು ಹೋದೆ. ತೋಳು ಬಿಗಿಯಾಗಿತ್ತು, ಅಲ್ಲೇ ಕೂತು ಬಿಚ್ಚಿಸಿ ಹೊಲಿಸಿದೆ. ಇಷ್ಟು ಹೊತ್ತು ಸಾಹೇಬರನ್ನು ಆಡಿಕೊಂಡೆನಲ್ಲ, ಬ್ಯಾನರು, ರಿಬ್ಬನ್ನು, ಇಲಿ ಎಂದೆಲ್ಲ. ಅವರಿಗೆ ಯಮನೂರಪ್ಪನ ಜೇಬಿನ ಚೀಟಿಯ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಡಾಕ್ಟರರು ಮತ್ತೆ ಫೋನು ಮಾಡಿದರು. "ಮೇಡಂ, ನೀವು ಹೇಳಿಲ್ಲೇನ್ರಿ? ಜ್ವರ ಭಾಳ ಏರೈತಿ. ಇವತ್ತ ಹೋಗಲಿಲ್ಲಂದ್ರ ಉಳಿಯೂದು ಕಷ್ಟ." ಆಗ ಬಸ್ಸು ಹತ್ತಿದೆ.

ರೈಸ್‌ಮಿಲ್ಲಿನ ಹಿಂದೆ ಅವರದೊಂದು ಕೋಣೆ. ಯಮನೂರಪ್ಪ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ನನ್ನನ್ನು ಕಂಡು ಮುಖ ಅರಳಿಸಿದ. "ತಂದ್ರೇನ್ರಿ ಅಕ್ಕಾರ?"

"ಅಣ್ಣಾ, ಬಳ್ಳಾರಿಗೆ ನಡಿ. ಔಷಧ ಇಲ್ಲ."

"ಇಲ್ಲಂದ್ರ? ಹುಳ ಸತ್ತಾವ ಅಂತ ನೀವ ಹೇಳಿದ್ರಿ."

"ಸತ್ತಿದ್ವು. ನಮ್ಮ ಔಷಧಕ್ಕ ಸತ್ತಿಲ್ಲ. ಅದರಾಗ ಮೈಲುತುತ್ತದ ತಾಮ್ರ ಉಳದಿತ್ತು, ಅದಕ್ಕ ಸತ್ತಾವ. ತಪ್ಪು ನಂದು."

ಅವನು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ಮೈಲುತುತ್ತ ಅಂದ್ರ, ಗದ್ಯಾಗ ಪಾಚಿಗೆ ಹಾಕತಾರಲ್ರಿ, ಅದಾ?"

"ಅದಾ."

"ಅದನ್ನ ಹಾಕಿದ್ರ ಯಾ ಹುಳ ಉಳಿತೈತ್ರಿ? ಇದಕ್ಕ ಇಷ್ಟ ವರ್ಷ ಓದಬೇಕಿತ್ತೇನ್ರಿ?" ಎಂದು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಟವೆಲಿನ ಮೇಲೆ ರಕ್ತ ಬಂತು. ಗಂಗಮ್ಮ ಚೀಲಕ್ಕೆ ಬಟ್ಟೆ ತುಂಬಿದಳು. ಮಿಲ್ಲಿನವರ ಜೀಪಿನಲ್ಲಿ ನಾವು ಮೂವರೂ ಬಳ್ಳಾರಿಗೆ ಹೋದೆವು.

ಮಂಗಳವಾರ ನಾನು ಆಸ್ಪತ್ರೆಯ ಮೆಟ್ಟಿಲ ಮೇಲಿದ್ದೆ. ಪತ್ರಿಕಾಗೋಷ್ಠಿ ನಡೆಯಿತು. ಆದರೆ ಸಾಹೇಬರಿಗೆ ಏನೋ ಅಳುಕಾಗಿರಬೇಕು, ಬೆಳಗಾಗುವಷ್ಟರಲ್ಲಿ ಅದನ್ನು "ಆರೋಗ್ಯದಲ್ಲಿ ಸಕ್ಕರೆ ಮತ್ತು ತಾಮ್ರದ ಪಾತ್ರ" ಎಂಬ ವಿಚಾರ ಸಂಕಿರಣ ಮಾಡಿದ್ದರು. ಬಂದವರಿಗೆಲ್ಲ ತಾಮ್ರದ ಲೋಟ ಕೊಟ್ಟರಂತೆ. ಜನ ಬಹಳ ಮೆಚ್ಚಿದರು. ತೊಳೆದ ನಲವತ್ತೊಂದರ ವಿಷಯವನ್ನು ನಾನು ಮುಂದೆ ಇದ್ದದ್ದು ಇದ್ದ ಹಾಗೆ ಬರೆದು ಒಂದು ಸಣ್ಣ ವಿಜ್ಞಾನ ಪತ್ರಿಕೆಗೆ ಕಳಿಸಿದೆ: ಕೈ ಸ್ವಲ್ಪ ಸಡಿಲಿಸುತ್ತದೆ, ಬೇರೆ ಔಷಧದ ಜೊತೆ ಕೊಟ್ಟರೆ ತಟ್ಟೆಯಲ್ಲಿ ತುಸು ಅನುಕೂಲ. ನಾನು ಮಾಡಿದ ನಿಜವಾದ ಕೆಲಸ ಆ ಎರಡು ಸಾಲು. ಅದನ್ನು ಓದಿದವರು ಕಡಿಮೆ. ಈ ದಾರಿ ಸುಳ್ಳಲ್ಲ, ನಮಗಿಂತ ಶ್ರದ್ಧೆಯಿಂದ ತೊಳೆಯುವ ಜನ ಇದರಲ್ಲಿ ನಮಗಿಂತ ಮುಂದೆ ಹೋಗಿದ್ದಾರೆ. ನೀವೂ ಹೋಗಿ.

ಯಮನೂರಪ್ಪ ಬಳ್ಳಾರಿಯಲ್ಲಿ ಒಂದು ತಿಂಗಳ ಮೇಲೆ ಇದ್ದ. ಉಳಿದ. ಆದರೆ ಎಡಗಡೆಯ ಶ್ವಾಸಕೋಶ ಮತ್ತೆ ಕೆಲಸಕ್ಕೆ ಬರಲಿಲ್ಲ. ಮೂಟೆ ಹೊರುವುದಿರಲಿ, ಬಾವಿಯಿಂದ ಕೊಡ ತರುವುದೂ ಆಗದ ಮನುಷ್ಯನಾಗಿ ನವಲಿಗೆ ಮರಳಿದ. ಮೊದಲೇ ಬಂದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಅಲ್ಲಿನ ಡಾಕ್ಟರರನ್ನು ಕೇಳಿದೆ. "ಹೇಳಾಕ ಬರಂಗಿಲ್ರಿ" ಎಂದರು. ನಾನು ಹಾಗೆ ಕೇಳಿದ್ದು, ಮೊದಲೇ ಬಂದಿದ್ದರೂ ಹೀಗೇ ಆಗುತ್ತಿತ್ತು ಎಂದು ಅವರು ಹೇಳಲಿ ಎಂದು.

ಆ ಆಸ್ಪತ್ರೆಯ ವರಾಂಡದಲ್ಲೇ ಒಂದು ಸಂಜೆ ಗಂಗಮ್ಮ ನನ್ನನ್ನು ಕೇಳಿದಳು: "ಅಕ್ಕಾರ, ಈ ತಾಮ್ರದ ಸುದ್ದಿ ನಿಮಗ ಯಾವತ್ತ ಗೊತ್ತಾತ್ರಿ?"

"ಬಂದಿನಲ್ಲ, ಅದರ ಹಿಂದಿನ ದಿನ" ಎಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ನಿನ್ನಿ ಗೊತ್ತಾಗಿ ಇವತ್ತ ಓಡಿ ಬಂದ್ರಿ. ತಪ್ಪು ನಂದು ಅಂತ ಬಾಯಿಬಿಟ್ಟು ಹೇಳಿದ್ರಿ. ಹಿಂಗ ಯಾರ ಮಾಡತಾರ್ರಿ?"

ಅಂದಿನಿಂದ ಪ್ರತಿ ಸುಗ್ಗಿಗೆ ನವಲಿಯಿಂದ ನನ್ನ ಮನೆಗೆ ಹೊಸ ಅಕ್ಕಿಯ ಚೀಲ ಬರತೊಡಗಿತು. ಬೇಡ ಎಂದರೂ ಬರುತ್ತಿತ್ತು. ಯಾರದೋ ಕೈಯಲ್ಲಿ, ಯಾವುದೋ ಬಸ್ಸಿನಲ್ಲಿ. ನಾನು ಅದನ್ನು ಅನ್ನ ಮಾಡಿ ಉಣ್ಣುತ್ತಿದ್ದೆ. ಪ್ರತಿ ತುತ್ತೂ ಗಂಟಲಲ್ಲಿ ನಿಲ್ಲುತ್ತಿತ್ತು ಎಂದು ಬರೆದರೆ ಓದಲು ಚಂದ, ಆದರೆ ಅಕ್ಕಿ ರುಚಿಯಾಗಿತ್ತು, ವರ್ಷಗಟ್ಟಲೆ ಉಂಡೆ.

ನಿವೃತ್ತಿಯಾದ ಮೇಲೆ ಇದನ್ನು ಬರೆಯಲು ಕೂತಾಗ, ಅವರಿಗೆ ಹೇಳದೆ ನಿಮಗೆ ಹೇಳುವುದು ಸರಿಯಲ್ಲ ಎನಿಸಿತು. ನವಲಿಗೆ ಹೋದೆ. ಯಮನೂರಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಗಂಗಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದಳು. ಗುರುವಾರ ಗೊತ್ತಾಗಿತ್ತು, ಸೋಮವಾರ ಬಂದೆ, ಅಂದು ನಿನಗೆ ಸುಳ್ಳು ಹೇಳಿದೆ ಎಂದೆ.

ಅವಳ ಕೈ ಮೊರದಲ್ಲಿ ನಿಂತಿತು. "ಗುರುವಾರನ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಹೋಗ್ಲಿ ಬಿಡು, ಉಳದೀನಲ್ಲ" ಎಂದು ಯಮನೂರಪ್ಪ ಹೊರಗಿನಿಂದ ಹೇಳಿದ. ಅಷ್ಟು ಹೇಳಲು ಅವನು ನಡುವೆ ಎರಡು ಸಲ ನಿಲ್ಲಬೇಕಾಯಿತು. ಗಂಗಮ್ಮ ಅವನ ಕಡೆ ತಿರುಗಲಿಲ್ಲ.

"ನಾಕ ದಿನ ಏನ ಮಾಡಿದ್ರಿ ಅಕ್ಕಾರ?"

"ಕುಬಸ ಹೊಲಿಸಿದೆ" ಎಂದೆ.

ಅವಳು ಎದ್ದು ಹೋಗಿ ಚಹಾ ಮಾಡಿ ತಂದಳು. ನಾನು ಕುಡಿದೆ. ಕೊಪ್ಪಳದ ಬಸ್ಸಿಗೆ ಹೊತ್ತಾಯಿತು ಎಂದು ಅವಳೇ ನೆನಪು ಮಾಡಿದಳು.

ಈ ವರ್ಷದ ಸುಗ್ಗಿ ಮುಗಿದು ಎರಡು ತಿಂಗಳಾಯಿತು. ಅಕ್ಕಿ ಬಂದಿಲ್ಲ.